ಪ್ಯಾನಿಂಗ್: ಓಡುವ ಸೈಕಲ್ಲನ್ನು ನಿಲ್ಲಿಸಿ, ನಿಂತ ರಸ್ತೆಯನ್ನು ಓಡಿಸುವುದು

ಸೈಕಲ್ ರೇಸಿನ ಫೋಟೋ ತೆಗೆಯಲು ಹೋದವರು ಮೊದಲ ದಿನ ಸಾಮಾನ್ಯವಾಗಿ ಒಂದೇ ಕೆಲಸ ಮಾಡುತ್ತಾರೆ. ಶಟರ್ ಸ್ಪೀಡನ್ನು 1/2000ಕ್ಕೆ ಏರಿಸಿಬಿಡುತ್ತಾರೆ, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು ಹೊತ್ತು ಮಾತ್ರ ತೆರೆದಿರುತ್ತದೆ. ಮನೆಗೆ ಬಂದು ನೋಡಿದರೆ ಎಲ್ಲವೂ ಸ್ಪಷ್ಟ. ಸವಾರನ ಮೂಗಿನ ತುದಿಯ ಬೆವರು, ಟೈರಿನ ಮೇಲಿನ ಅಕ್ಷರ, ಹಿಂದಿನ ಬೇಲಿಯ ತಂತಿ, ಏನೂ ಬಿಟ್ಟಿಲ್ಲ. ಆದರೆ ಸೈಕಲ್ ಮಾತ್ರ ನಿಂತುಬಿಟ್ಟಿದೆ. ಸ್ಪೋಕ್ ಕಡ್ಡಿಗಳನ್ನು ಒಂದೊಂದಾಗಿ ಎಣಿಸಬಹುದು. ಯಾರೋ ಸ್ಟ್ಯಾಂಡ್ ಹಾಕಿ, ಮೇಲೊಬ್ಬನನ್ನು ಕೂರಿಸಿದ ಹಾಗೆ. ರೇಸ್ ಸೈಕಲ್ಲಿಗೆ ಸ್ಟ್ಯಾಂಡೇ ಇರುವುದಿಲ್ಲ, ಆ ಮಾತು ಬೇರೆ.

ಇದಕ್ಕೆ ಇರುವ ಹಳೇ ಮದ್ದು ಪ್ಯಾನಿಂಗ್. ಶಟರನ್ನು ನಿಧಾನಕ್ಕೆ ಇಟ್ಟುಕೊಳ್ಳಬೇಕು. ಸವಾರ ಹೋಗುತ್ತಿದ್ದ ಹಾಗೆ ಅವನ ಜೊತೆಗೇ ಕ್ಯಾಮೆರಾ ತಿರುಗಿಸಬೇಕು. ತಿರುಗಿಸುತ್ತಿರುವಾಗಲೇ ಕ್ಲಿಕ್ ಮಾಡಬೇಕು. ಆಗ ಸವಾರ ಫ್ರೇಮಿನಲ್ಲಿ ಇದ್ದಲ್ಲೇ ಇರುತ್ತಾನೆ, ಸ್ಪಷ್ಟವಾಗಿ ಮೂಡುತ್ತಾನೆ. ಹಿಂದಿನ ಮರ, ಗೋಡೆ, ಜನ ಎಲ್ಲ ಉದ್ದುದ್ದ ಗೆರೆಯಾಗಿ ಹರಿದುಹೋಗುತ್ತಾರೆ.

ಹೆಸರಿನ ಕಥೆ ಸಣ್ಣದು. ಅಡುಗೆಮನೆಯ ಪ್ಯಾನಿಗೂ, ತೆರಿಗೆಯವರ ಪ್ಯಾನ್ ಕಾರ್ಡಿಗೂ ಇದಕ್ಕೂ ಸಂಬಂಧ ಇಲ್ಲ. ‘ಪ್ಯಾನ್ ಇಂಡಿಯಾ ಸಿನಿಮಾ’ ಅಂತೀವಲ್ಲ, ಆ ಪ್ಯಾನ್ ಮಾತ್ರ ದೂರದ ನೆಂಟ. ಗ್ರೀಕಿನಲ್ಲಿ ಪ್ಯಾನ್ ಅಂದರೆ ಎಲ್ಲ, ಹೊರಾಮಾ ಅಂದರೆ ನೋಟ. 18ನೇ ಶತಮಾನದ ಕೊನೆಗೆ ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ ನೋಡುಗರ ಸುತ್ತಲೂ ದುಂಡಗೆ ಬರುವ ದೊಡ್ಡ ಚಿತ್ರ ಬರೆದ. ಜನ ನಡುವೆ ನಿಂತು ಸುತ್ತ ತಿರುಗಿ ನೋಡಬೇಕು. ಅದಕ್ಕೆ ಬಂದ ಹೆಸರು ಪ್ಯಾನೊರಾಮಾ. ಮುಂದೆ ಸಿನಿಮಾದವರು ಕ್ಯಾಮೆರಾ ಅಡ್ಡ ತಿರುಗಿಸುವುದಕ್ಕೆ ಅದನ್ನೇ ಮೊಟಕು ಮಾಡಿ ‘ಪ್ಯಾನ್’ ಎಂದರು. ಕನ್ನಡದಲ್ಲೂ ‘ಪ್ಯಾನ್ ಮಾಡು’ ಅಂತಲೇ ಹೇಳುತ್ತೇವೆ. ಸಂಸ್ಕೃತದಿಂದ ಒಂದು ಪದ ಕಟ್ಟಿ ತರಬಹುದು, ಆದರೆ ರಸ್ತೆ ಬದಿಯಲ್ಲಿ ನಿಂತವರು ಯಾರೂ ಅದನ್ನು ಬಳಸಲಾರರು.

ಈಗ ಸ್ವಲ್ಪ ಲೆಕ್ಕ. ಗಂಟೆಗೆ 40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಶಟರ್ 1/1000 ಇದ್ದರೆ ಅದು ತೆರೆದಿರುವಷ್ಟು ಹೊತ್ತಿನಲ್ಲಿ ಸೈಕಲ್ ಸಾಗುವುದು ಬರೀ 11 ಮಿ.ಮೀ. 1/60 ಇದ್ದರೆ ಒಂದು ಗೇಣಿನಷ್ಟು. ಚಕ್ರದ ಸುತ್ತಳತೆ 2.1 ಮೀಟರ್, ಅಂದರೆ ಅದು ಸೆಕೆಂಡಿಗೆ ಐದು ಸುತ್ತಿಗಿಂತ ಜಾಸ್ತಿ ತಿರುಗುತ್ತದೆ. 1/1000ದಲ್ಲಿ ತಿರುಗುವುದು 2 ಡಿಗ್ರಿಗೂ ಕಮ್ಮಿ, 1/60ರಲ್ಲಿ 32 ಡಿಗ್ರಿ. 24 ಕಡ್ಡಿಗಳ ಚಕ್ರದಲ್ಲಿ ಎರಡು ಕಡ್ಡಿಗಳ ನಡುವಿನ ಅಂತರ 15 ಡಿಗ್ರಿ. ಹಾಗಾಗಿ 1/60ಕ್ಕೆ ಬರುವ ಹೊತ್ತಿಗೆ ಕಡ್ಡಿಗಳೆಲ್ಲ ಕಲೆತು ಹೊಳೆಯುವ ತಟ್ಟೆ ಆಗುತ್ತವೆ. ನಮ್ಮ ಕಣ್ಣಿಗೆ ಸೈಕಲ್ ಓಡುವುದು ಕಾಣುವುದು ಆ ತಟ್ಟೆಯಿಂದಲೇ, ಅಲ್ವಾ?

ಸಮತಟ್ಟು ರಸ್ತೆಗೆ 1/60ರಿಂದ ಶುರು ಮಾಡಿ, ಕೈ ಪಳಗಿದ ಮೇಲೆ 1/30ಕ್ಕೆ ಇಳಿಯಿರಿ. ನಂದಿ ಬೆಟ್ಟದಂಥ ಏರಿನಲ್ಲಿ ಸವಾರರೇ ಗಂಟೆಗೆ 15 ಕಿ.ಮೀ.ಗೆ ಇಳಿದಿರುತ್ತಾರೆ. ಅಲ್ಲಿ 1/15 ಇಟ್ಟರೂ ಆದೀತು. ಉರಿಬಿಸಿಲಿನಲ್ಲಿ ಬೇರೊಂದು ತೊಂದರೆ ಇದೆ. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು (ಐಎಸ್ಒ) 100ಕ್ಕೆ ಇಳಿಸಿ, ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಎಫ್/16ರಷ್ಟು ಕಿರಿದು ಮಾಡಿದರೂ 1/30ರಲ್ಲಿ ಫೋಟೋ ಬೆಳ್ಳಗಾಗುತ್ತದೆ. ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಲೇಬೇಕು. ಇಲ್ಲವಾದರೆ ಬೆಳಿಗ್ಗೆ ಬೇಗ ಏಳಬೇಕು. ನನ್ನ ಓಟು ಬೇಗ ಏಳುವುದಕ್ಕೆ.

ಸೆಟ್ಟಿಂಗ್‌ಗಿಂತ ಮುಖ್ಯ ಸೊಂಟ. ಸವಾರ ಎಲ್ಲಿಗೆ ಬಂದಾಗ ಕ್ಲಿಕ್ ಮಾಡಬೇಕೋ ಆ ಕಡೆಗೆ ಪಾದ ಊರಿ ನಿಲ್ಲಿ. ಆಮೇಲೆ ಸೊಂಟದಿಂದ ಮೇಲೆ ಮಾತ್ರ ತಿರುಗಿ, ಅವನು ಬರುವ ಕಡೆ ನೋಡಿ. ಮೊಣಕೈ ಪಕ್ಕೆಗೆ ಅಂಟಿರಲಿ. ದೂರದಿಂದಲೇ ಅವನ ಎದೆಯನ್ನೋ ಹೆಲ್ಮೆಟ್ಟನ್ನೋ ಫ್ರೇಮಿನಲ್ಲಿ ಹಿಡಿದು ಬನ್ನಿ. ಕ್ಲಿಕ್ ಆದ ತಕ್ಷಣ ನಿಲ್ಲಬೇಡಿ. ಚೆಂಡಿಗೆ ಹೊಡೆದ ಮೇಲೂ ಬ್ಯಾಟ್ ಬೀಸು ಮುಗಿಸುತ್ತದಲ್ಲ, ಹಾಗೆ ಕ್ಯಾಮೆರಾನೂ ಮುಂದಕ್ಕೆ ಹೋಗಬೇಕು. ಹೊಸಬರ ಫೋಟೋ ಹಾಳಾಗುವುದು ಜಾಸ್ತಿ ಇಲ್ಲೇ: ಬೆರಳು ಒತ್ತುವಾಗ ಕೈ ನಿಂತುಬಿಡುತ್ತದೆ.

ನಿಲ್ಲುವ ಜಾಗವೂ ಅರ್ಧ ಕೆಲಸ ಮಾಡಿಕೊಡುತ್ತದೆ. ಅದೇ 40 ಕಿ.ಮೀ. ವೇಗದ ಸವಾರ ಎದುರಿಗೆ ಹಾದುಹೋಗುವಾಗ, ಐದು ಮೀಟರ್ ದೂರದಲ್ಲಿ ನಿಂತರೆ ಕ್ಯಾಮೆರಾ ಸೆಕೆಂಡಿಗೆ 127 ಡಿಗ್ರಿ ವೇಗದಲ್ಲಿ ತಿರುಗಬೇಕು. ಹತ್ತು ಮೀಟರಿಗೆ ಸರಿದರೆ ಅದರ ಅರ್ಧ ಸಾಕು. ಇನ್ನೂ ಒಳ್ಳೆಯದು ತಿರುವಿನ ಒಳಬದಿ. ಅಲ್ಲಿ ಸವಾರ ನಿಮ್ಮ ಸುತ್ತಲೇ ಸುತ್ತಿಕೊಂಡು ಹೋಗುತ್ತಾನೆ, ದೂರ ಅಷ್ಟಾಗಿ ಬದಲಾಗುವುದಿಲ್ಲ, ಫೋಕಸ್ ತಪ್ಪುವುದಿಲ್ಲ. ಹೊರಬದಿಯಲ್ಲಿ ನಿಲ್ಲಲೇಬೇಡಿ. ಸೈಕಲ್ ಜಾರಿದರೆ ಬಂದು ಬೀಳುವುದು ಅಲ್ಲಿಗೇ.

ಗುಂಪಾಗಿ ಬಂದರೆ? ಒಬ್ಬನನ್ನು ಆರಿಸಿಕೊಳ್ಳಿ. ಹತ್ತಿರದವನಿಗೆ ಕ್ಯಾಮೆರಾ ಬೇಗ ತಿರುಗಬೇಕು, ದೂರದವನಿಗೆ ನಿಧಾನಕ್ಕೆ. ಎಲ್ಲರನ್ನೂ ಹಿಡಿಯಲು ಹೋದರೆ ಯಾರೂ ಸಿಗುವುದಿಲ್ಲ. ಆ ಒಬ್ಬನ ಪಾದ ಮಸುಕಾದರೂ ಚಿಂತೆ ಬೇಡ, ಪೆಡಲ್ ತುಳಿಯುವ ಪಾದ ಮಸುಕಾಗಿಯೇ ಇರಬೇಕು. ಮುಖ, ಎದೆ ಸ್ಪಷ್ಟವಾಗಿದ್ದರೆ ಫೋಟೋ ಗೆದ್ದ ಹಾಗೆ.

ಎಲ್ಲ ಕಡೆಗೂ ಇದು ಒಗ್ಗುವುದಿಲ್ಲ. ಗೆಲುವಿನ ಗೆರೆಯಲ್ಲಿ ಸವಾರ ನೇರ ನಿಮ್ಮತ್ತಲೇ ಬರುತ್ತಾನೆ, ಅಡ್ಡ ಚಲನೆಯೇ ಇಲ್ಲ. ಅಲ್ಲಿ ವೇಗದ ಶಟರೇ ಸರಿ. ಫ್ರಾನ್ಸಿನಲ್ಲಿ 1896ರಿಂದ ನಡೆಯುವ ಪ್ಯಾರಿಸ್-ರೂಬೆ ರೇಸಿನಲ್ಲೂ ಪ್ಯಾನಿಂಗ್ ಕಷ್ಟ. ಅಲ್ಲಿನ ಕಲ್ಲುಹಾಸಿನ ದಾರಿಯಲ್ಲಿ ಸವಾರ ಮುಂದೆ ಹೋಗುವುದರ ಜೊತೆಗೆ ಮೇಲೆ ಕೆಳಗೆ ಕುಲುಕುತ್ತಾನೆ. ಆ ಕುಲುಕಾಟವನ್ನು ಯಾವ ಸೊಂಟವೂ ಹಿಂಬಾಲಿಸಲಾರದು. ಪುಣ್ಯಕ್ಕೆ ಅಲ್ಲಿ ಧೂಳು, ಕೆಸರು ಇವೆ. ಎರಚಿದ ಕೆಸರು ಸಾಕು, ಸೈಕಲ್ ಓಡುತ್ತಿದೆ ಎಂದು ಹೇಳಲು.

1910ರ ದಶಕದ ಆರಂಭದಲ್ಲಿ ಝಾಕ್ ಆನ್ರಿ ಲಾರ್ತಿಗ್ ಎಂಬ ಫ್ರೆಂಚ್ ಹುಡುಗ ರೇಸ್ ಕಾರೊಂದನ್ನು ಹೀಗೇ ಕ್ಯಾಮೆರಾ ತಿರುಗಿಸುತ್ತ ತೆಗೆದ. ಚಕ್ರ ಮೊಟ್ಟೆಯಂತಾಗಿ ಮುಂದಕ್ಕೆ ವಾಲಿದೆ, ನೋಡುವ ಜನ, ಕಂಬ ಎಲ್ಲ ಹಿಂದಕ್ಕೆ ವಾಲಿದ್ದಾರೆ. ಆ ಕ್ಯಾಮೆರಾದ ಶಟರ್ ಒಂದು ಸೀಳು, ಅದು ನಿಧಾನಕ್ಕೆ ಸರಿಯುತ್ತ ಚಿತ್ರವನ್ನು ಪಟ್ಟಿ ಪಟ್ಟಿಯಾಗಿ ಬರೆಯಿತು. ಕೈ ಕಾರಿನಷ್ಟು ಬೇಗ ತಿರುಗಲಿಲ್ಲ, ಅದಕ್ಕೆ ಕಾರು ಒಂದು ಕಡೆ ವಾಲಿತು, ಜನ ಇನ್ನೊಂದು ಕಡೆ. ತಪ್ಪೇ, ಆದರೆ ಜಗತ್ತು ಮೆಚ್ಚಿದ ತಪ್ಪು. ನಿಮ್ಮ ಮೊಬೈಲೂ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಬೇಗ ತಿರುಗಿಸಿದರೆ ಅದರಲ್ಲೂ ಕಂಬ ವಾಲುತ್ತವೆ.

ಟಿವಿಯಲ್ಲಿ ಟೂರ್ ದ ಫ್ರಾನ್ಸ್ ನೋಡಿದವರಿಗೆ ಸವಾರರ ಪಕ್ಕದಲ್ಲಿ ಬೈಕಿನ ಹಿಂದೆ ಕೂತು ಬರುವ ಫೋಟೋಗ್ರಾಫರುಗಳ ನೆನಪಿರಬಹುದು. ಅವರದೂ ನಿಧಾನ ಶಟರೇ, ಆದರೆ ಫಲ ಬೇರೆ. ನಿಂತಲ್ಲೇ ಕ್ಯಾಮೆರಾ ತಿರುಗಿಸಿದರೆ ಹತ್ತಿರದ ಬೇಲಿ, ದೂರದ ಬೆಟ್ಟ ಎರಡೂ ಒಂದೇ ಉದ್ದದ ಗೆರೆ ಎಳೆಯುತ್ತವೆ. ಬೈಕಿನಲ್ಲಿ ಕ್ಯಾಮೆರಾ ತಿರುಗುವುದಿಲ್ಲ, ಸವಾರನ ಜೊತೆಗೇ ಸಾಗುತ್ತದೆ. ಆಗ ಬೇಲಿ ಮಾತ್ರ ಹರಿದು ಓಡುತ್ತದೆ. ಹಿಂದಿನ ಆಲ್ಪ್ಸ್ ಬೆಟ್ಟ, ರೈಲಿನ ಕಿಟಕಿಯಿಂದ ಕಂಡ ಬೆಟ್ಟದ ಹಾಗೆ, ಕದಲದೆ ನಿಂತಿರುತ್ತದೆ. ಇನ್ನು ಮುಂದೆ ಒಂದು ರೇಸ್ ಫೋಟೋ ಕೈಗೆ ಸಿಕ್ಕಾಗ ಮೊದಲು ಬೆಟ್ಟ ನೋಡಿ. ತೆಗೆದವರು ರಸ್ತೆ ಬದಿಯಲ್ಲಿ ನಿಂತಿದ್ದರೋ, ಬೈಕಿನ ಮೇಲೆ ಕೂತಿದ್ದರೋ ಗೊತ್ತಾಗಿಬಿಡುತ್ತದೆ.