ಹೊಳೆದ ದಿನವೇ ಕಾಣದ ಧೂಮಕೇತು

2024ರ ಅಕ್ಟೋಬರ್ 12, ವಿಜಯದಶಮಿ. ಮೈಸೂರಿನಲ್ಲಿ ಜಂಬೂಸವಾರಿ ನಡೆದ ಆ ದಿನವೇ ಒಂದು ಧೂಮಕೇತು ಭೂಮಿಗೆ ತೀರಾ ಹತ್ತಿರ ಬಂದಿತ್ತು. ಹತ್ತಿರ ಅಂದರೂ ಸುಮಾರು 7 ಕೋಟಿ ಕಿಲೋಮೀಟರ್! ಹೆಸರು ತ್ಸುಚಿನ್‌ಶಾನ್-ಅಟ್ಲಾಸ್. 2023ರ ಆರಂಭದಲ್ಲಿ ಚೀನಾದ ವೀಕ್ಷಣಾಲಯವೊಂದು ಮತ್ತು ದಕ್ಷಿಣ ಆಫ್ರಿಕಾದಲ್ಲಿರುವ ಅಟ್ಲಾಸ್ ದೂರದರ್ಶಕ ಇದನ್ನು ಬೇರೆ ಬೇರೆಯಾಗಿ ಕಂಡುಹಿಡಿದವು. ಅದಕ್ಕೇ ಈ ಜೋಡಿ ಹೆಸರು.

ಶುಕ್ರನಷ್ಟು ಹೊಳೆಯುತ್ತದೆ ಎಂದು ಆಗ ಭಾರೀ ಸುದ್ದಿಯಾಗಿತ್ತು. ಸುಳ್ಳೇನಲ್ಲ, ಅಕ್ಟೋಬರ್ 9ರ ಸುಮಾರಿಗೆ ಅಷ್ಟು ಹೊಳೆಯಿತು ಕೂಡ. ಆದರೆ ಅವತ್ತು ಅದು ಆಕಾಶದಲ್ಲಿ ಸೂರ್ಯನ ಪಕ್ಕದಲ್ಲೇ ಇತ್ತು, ನಾಲ್ಕು ಡಿಗ್ರಿಯೂ ದೂರವಿರಲಿಲ್ಲ. ಸೂರ್ಯನನ್ನೇ ಸದಾ ನೋಡುವ ಸೋಹೊ ಉಪಗ್ರಹದ ಕ್ಯಾಮೆರಾಕ್ಕೆ ಚೆನ್ನಾಗಿ ಸಿಕ್ಕಿತು. ನಮ್ಮ ಕಣ್ಣಿಗೆ ಎಲ್ಲಿ ಸಿಗಬೇಕು?

ಹಾಗೆ ಹೊಳೆದದ್ದೂ ಸೂರ್ಯನ ಪಕ್ಕದಲ್ಲಿದ್ದ ಕಾರಣಕ್ಕೇ. ಆಗ ಧೂಮಕೇತು ಹೆಚ್ಚುಕಡಿಮೆ ಸೂರ್ಯನಿಗೂ ನಮಗೂ ನಡುವೆ ಬಂದಿತ್ತು. ಧೂಳಿನ ಸಣ್ಣ ಕಣಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹಿಂದಕ್ಕಿಂತ ಮುಂದಕ್ಕೇ ಜಾಸ್ತಿ ಚೆದುರಿಸುತ್ತವೆ. ಸಂಜೆ ಸೂರ್ಯನಿಗೆ ಎದುರಾಗಿ ಕಾರು ಓಡಿಸುವಾಗ ಮುಂದಿನ ಗಾಜಿನ ಧೂಳೆಲ್ಲ ಬೆಳ್ಳಗೆ ಎದ್ದು ಕಾಣುತ್ತದಲ್ವಾ, ಅದೂ ಇದೇ. ಅದೇ ಧೂಮಕೇತು, ಅದೇ ಧೂಳು. ನಾವು ನೋಡುವ ಕೋನ ಬದಲಾದ ಕೂಡಲೇ ಹೊಳಪು ಸರಸರನೆ ಇಳಿಯಿತು.

ಅದು ಉಳಿದು ಬಂದದ್ದೇ ದೊಡ್ಡದು ಬಿಡಿ. ಸೂರ್ಯನನ್ನು ಸಮೀಪಿಸುವ ಮೊದಲೇ ಪುಡಿಪುಡಿಯಾಗುತ್ತದೆ ಎಂದು 2024ರ ಜುಲೈನಲ್ಲಿ ಪರಿಣತರೊಬ್ಬರು ಬರೆದಿದ್ದರು. ಸೆಪ್ಟೆಂಬರ್ 27ರಂದು ಸೂರ್ಯನಿಂದ 6 ಕೋಟಿ ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ ಹಾದು, ಇಡಿಯಾಗಿಯೇ ಹೊರಬಂತು. ಆ ದಿನಗಳಲ್ಲಿ ಬೆಂಗಳೂರಿನಿಂದಲೂ ಕೆಲವರು ಬೆಳಗಿನ ಜಾವ ಪೂರ್ವ ದಿಕ್ಕಿನಲ್ಲಿ ಅದರ ಫೋಟೋ ತೆಗೆದರು.

ದಸರಾ ಮುಗಿದ ಮೇಲೆ ಅದು ಸಂಜೆಯ ಪಶ್ಚಿಮಕ್ಕೆ ಬಂತು. ದಿನದಿಂದ ದಿನಕ್ಕೆ ಹೊಳಪು ಕುಂದಿತು, ಆದರೆ ಎತ್ತರ ಏರಿತು. ಕತ್ತಲಾದ ಮೇಲೂ ಮುಳುಗದೆ ಉಳಿಯುತ್ತಿತ್ತು. ನನ್ನ ಪ್ರಕಾರ ನೋಡಲು ನಿಜವಾಗಿ ಯೋಗ್ಯವಾದದ್ದು ಈ ದಿನಗಳೇ, ಸುದ್ದಿಯಲ್ಲಿ ಮೆರೆದ 9ನೇ ತಾರೀಖಲ್ಲ. 14ರ ಸುಮಾರಿಗೆ ಭೂಮಿ ಅದರ ಕಕ್ಷೆಯ ಸಮತಲವನ್ನು, ಅಂದರೆ ಅದರ ದಾರಿ ಹರಡಿರುವ ಚಪ್ಪಟೆ ಮಟ್ಟವನ್ನು ದಾಟಿತು. ಬಾಲ ಯಾವಾಗಲೂ ಸೂರ್ಯನಿಗೆ ವಿರುದ್ಧ ದಿಕ್ಕಿಗೆ ಚಾಚಿರಬೇಕು ತಾನೇ? ಆಗ ಮಾತ್ರ ಸೂರ್ಯನ ಕಡೆಗೂ ಒಂದು ತೆಳ್ಳನೆಯ ಗೆರೆ ಕಂಡಿತು. ಧೂಮಕೇತು ಹಿಂದೆ ತನ್ನ ದಾರಿಯಲ್ಲಿ ಉದುರಿಸಿದ್ದ ದಪ್ಪ ಧೂಳು ಅದು. ಅಂಚಿನ ಕಡೆಯಿಂದ ನೋಡಿದ್ದರಿಂದ ಒಂದೇ ಗೆರೆಯಾಗಿ ಕಂಡಿತು, ಅಷ್ಟೇ.

ಸುದ್ದಿಯಲ್ಲಿ ಕೊಡುವ ಹೊಳಪಿನ ಅಂಕಿ ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸುತ್ತದೆ. ನಕ್ಷತ್ರದ ಬೆಳಕೆಲ್ಲ ಒಂದು ಚುಕ್ಕೆಯಲ್ಲಿರುತ್ತದೆ. ಧೂಮಕೇತುವಿನದು ಅಗಲಕ್ಕೆ ಹರಡಿರುತ್ತದೆ. ಲೆಕ್ಕದಲ್ಲಿ ಎರಡೂ ಒಂದೇ ಆದರೂ ಊರಿನ ದೀಪಗಳ ನಡುವೆ ನಕ್ಷತ್ರ ಉಳಿಯುತ್ತದೆ, ಬಾಲ ಅಳಿಸಿಹೋಗುತ್ತದೆ. ಅದಕ್ಕೇ ಬರಿಗಣ್ಣಿಗೆ ಮಸುಕು ಮಚ್ಚೆಯಂತೆ ಕಂಡದ್ದು ಫೋಟೋದಲ್ಲಿ ಉದ್ದನೆ ಬಾಲ ಬಿಚ್ಚಿಕೊಂಡು ನಿಲ್ಲುತ್ತದೆ. ಫೋಟೋ ನೋಡಿ ಆಸೆ ಪಟ್ಟು ಮಾಳಿಗೆ ಹತ್ತಿದವರಿಗೆ ಬೇಜಾರಾಗುವುದು ಸಹಜ. ಒಂದು ಸಾಧಾರಣ ಬೈನಾಕ್ಯುಲರ್ ಇದ್ದರೂ ವ್ಯತ್ಯಾಸ ತಿಳಿಯುತ್ತದೆ. ಫೋನನ್ನು ಅಲ್ಲಾಡದಂತೆ ಗೋಡೆಗೆ ಒರಗಿಸಿ, ಕೆಲವು ಸೆಕೆಂಡು ಬೆಳಕು ಹೀರಲು ಬಿಟ್ಟರೂ ಸಾಕು.

ಇನ್ನು ಚಂದ್ರ. ಆ ಅಕ್ಟೋಬರ್ 17ಕ್ಕೆ ಹುಣ್ಣಿಮೆ. ಧೂಮಕೇತು ಕತ್ತಲೆಗೆ ಏರುವ ಹೊತ್ತಿಗೆ ಸರಿಯಾಗಿ ಬೆಳದಿಂಗಳು ಬಂತು. ಅದು ಸಾಲದೆಂದು ಬೆಂಗಳೂರಿನಲ್ಲಿ ಆ ವಾರ ಜಡಿಮಳೆ! ಮರುವರ್ಷ ಬಂದ ಲೆಮ್ಮನ್ ಧೂಮಕೇತುವಿನ ಹೊಳಪು ಇದಕ್ಕಿಂತ ಎಷ್ಟೋ ಕಡಿಮೆ. ಆದರೆ ಭೂಮಿಗೆ ಅದು ತೀರಾ ಹತ್ತಿರ ಬಂದದ್ದು 2025ರ ಅಕ್ಟೋಬರ್ 21ಕ್ಕೆ, ದೀಪಾವಳಿಯ ಅಮಾವಾಸ್ಯೆಯಂದೇ. ಮುಂದೆ ಧೂಮಕೇತುವಿನ ಸುದ್ದಿ ಬಂದಾಗ ಹೊಳಪಿನ ಅಂಕಿಗಿಂತ ಮೊದಲು ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವಾಗ ಎಂದು ನೋಡಿ, ಆಮೇಲೆ ಪಶ್ಚಿಮವೋ ಪೂರ್ವವೋ ಮರೆಯಿಲ್ಲದ ಒಂದು ಬಯಲು ಹುಡುಕಿ.