ಬಿದ್ದ ಬಾಳೆ ಯಾವ ದಿಕ್ಕಿಗೆ ತಲೆ ಹಾಕಿದೆ?

ಏಪ್ರಿಲ್, ಮೇ ಬಂತೆಂದರೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈ ಸುದ್ದಿ ತಪ್ಪುವುದಿಲ್ಲ. ಗಾಳಿ ಮಳೆಗೆ ಬಾಳೆ ತೋಟ ನೆಲಕಚ್ಚಿತು, ಮನೆಯ ಶೀಟು ಹಾರಿಹೋಯಿತು, ಕರೆಂಟ್ ಕಂಬ ಮುರಿಯಿತು. ಒಂದೂರಿನಲ್ಲಿ ಇಷ್ಟೆಲ್ಲ ಆಗಿರುತ್ತದೆ, ಪಕ್ಕದೂರಿನಲ್ಲಿ ನಾಲ್ಕು ಹನಿ ಬಿದ್ದು ಮಳೆ ನಿಂತಿರುತ್ತದೆ. ಸುಂಟರಗಾಳಿ ಬಂದಿತ್ತು ಅಂತ ಜನ ಹೇಳುತ್ತಾರೆ. ಆದರೆ ಎಷ್ಟೋ ಸಲ ಆ ಗಾಳಿ ಸುತ್ತಿರುವುದೇ ಇಲ್ಲ, ಮೋಡದಿಂದ ನೇರ ಕೆಳಕ್ಕೆ ಬಿದ್ದಿರುತ್ತದೆ.

ಗಾಳಿ ಬೀಳುವುದು ಹೇಗೆ? ಗುಡುಗು ಮೋಡ ಹತ್ತು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಒಳಗೆ ನೀರು, ಆಲಿಕಲ್ಲು ತುಂಬಿರುತ್ತವೆ. ಅವು ಬೀಳುವಾಗ ಸುತ್ತಲಿನ ಗಾಳಿಯನ್ನೂ ಜೊತೆಗೆ ಎಳೆದುಕೊಂಡು ಬರುತ್ತವೆ. ಮೋಡದ ಕೆಳಗೆ ಬೇಸಿಗೆಯ ಒಣ ಗಾಳಿ ಇರುತ್ತದಲ್ಲ, ಅಲ್ಲಿ ಹನಿಗಳು ದಾರಿಯಲ್ಲೇ ಆವಿಯಾಗತೊಡಗುತ್ತವೆ. ಆವಿಯಾಗಲು ಬೇಕಾದ ಶಾಖವನ್ನು ಅವು ಗಾಳಿಯಿಂದಲೇ ಹೀರುತ್ತವೆ. ಒಂದು ಕೆಜಿ ಗಾಳಿಯಲ್ಲಿ ಒಂದೇ ಒಂದು ಗ್ರಾಂ ನೀರು ಆವಿಯಾದರೂ ಆ ಗಾಳಿ ಸುಮಾರು 2.5 ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ಭಾರ. ಭಾರವಾದದ್ದು ಇನ್ನೂ ಜೋರಾಗಿ ಕೆಳಗಿಳಿಯುತ್ತದೆ. ಬಿಸಿಲು ಹೆಚ್ಚಿದ್ದು, ಕೆಳಗಿನ ಗಾಳಿ ಒಣಗಿದ್ದಷ್ಟೂ ಈ ಇಳಿತ ಜಾಸ್ತಿ. ಬೇಸಿಗೆಯ ಮೊದಲ ಮಳೆಗಳು ಹೆಚ್ಚು ಹಾನಿ ಮಾಡುವುದಕ್ಕೆ ಇದೂ ಒಂದು ಕಾರಣ.

ಅಂಗಳದಲ್ಲಿ ಒಂದು ಕೊಡ ನೀರನ್ನು ಮೇಲಿಂದ ಸುರಿದರೆ ಅದು ನೆಲಕ್ಕೆ ಬಡಿದು ಎಲ್ಲ ಕಡೆಗೂ ಚಿಮ್ಮುತ್ತದೆ, ಅಲ್ವಾ? ಈ ಗಾಳಿಯೂ ಹಾಗೆಯೇ. ನೆಲ ಮುಟ್ಟಿದ ಮೇಲೆ ಸುತ್ತಲೂ ಹರಡುತ್ತದೆ. ಮಳೆಗೆ ಮುಂಚೆ ಮುಖಕ್ಕೆ ಬಡಿಯುವ ತಣ್ಣನೆ ಗಾಳಿ ಇದರದ್ದೇ ಮೃದು ರೂಪ. ಹಾನಿಯ ಹರವು ನಾಲ್ಕು ಕಿಲೋಮೀಟರ್ ಒಳಗಿದ್ದರೆ ಅದಕ್ಕೆ ಮೈಕ್ರೋಬರ್ಸ್ಟ್ ಎನ್ನುತ್ತಾರೆ. ಅದರ ಅಬ್ಬರ ಹೆಚ್ಚೆಂದರೆ ಕೆಲವೇ ನಿಮಿಷ.

ಈ ಗುಟ್ಟನ್ನು ಬಿಡಿಸಿದವರು ಜಪಾನಿನಲ್ಲಿ ಹುಟ್ಟಿ ಶಿಕಾಗೋದಲ್ಲಿ ಕೆಲಸ ಮಾಡಿದ ಹವಾಮಾನ ವಿಜ್ಞಾನಿ ಟೆಡ್ ಫುಜಿತಾ. 1945ರಲ್ಲಿ ಅಣುಬಾಂಬ್ ಬಿದ್ದ ನಾಗಸಾಕಿಗೆ ಹೋಗಿ ಅವರು ಅಲ್ಲಿನ ಹಾನಿಯನ್ನು ಕಣ್ಣಾರೆ ಕಂಡಿದ್ದರು. ಮರಗಳು ಒಂದು ನಡುಬಿಂದುವಿನಿಂದ ಹೊರಮುಖವಾಗಿ ಬಿದ್ದಿದ್ದವು. 1974ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸಾಲು ಸಾಲು ಸುಂಟರಗಾಳಿ ಎದ್ದಾಗ ಅವರು ವಿಮಾನದಲ್ಲಿ ಹಾನಿಯ ಸಮೀಕ್ಷೆ ಮಾಡುತ್ತಿದ್ದರು. ವೆಸ್ಟ್ ವರ್ಜೀನಿಯಾದ ಕಾಡಿನಲ್ಲಿ ಅದೇ ಚಿತ್ರ ಮತ್ತೆ ಕಂಡಿತು. ಮರುವರ್ಷ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ 66 ವಿಮಾನ ನೆಲಕ್ಕಪ್ಪಳಿಸಿ 113 ಜನ ಸತ್ತರು. ಅದಕ್ಕೂ ಇದೇ ಗಾಳಿ ಕಾರಣ ಎಂದರು ಫುಜಿತಾ. ಹಲವು ಹವಾಮಾನ ತಜ್ಞರು ಒಪ್ಪಲಿಲ್ಲ. 1978ರಲ್ಲಿ ಶಿಕಾಗೋ ಸುತ್ತ, ಗಾಳಿಯ ಚಲನೆಯನ್ನು ದೂರದಿಂದಲೇ ಅಳೆಯುವ ಡಾಪ್ಲರ್ ರಾಡಾರ್ ನಿಲ್ಲಿಸಿ ನೋಡಿದಾಗ ಮೈಕ್ರೋಬರ್ಸ್ಟ್‌ಗಳು ಸಿಕ್ಕವು. ವಿಮಾನ ನಿಲ್ದಾಣಗಳಲ್ಲಿ ಈಗ ಇದನ್ನು ಹಿಡಿಯುವ ಯಂತ್ರಗಳಿವೆ, ಪೈಲಟ್‌ಗಳಿಗೆ ತರಬೇತಿ ಇದೆ. ಹಳ್ಳಿಯ ಹೊಲಕ್ಕೆ ಅಂಥದ್ದೇನೂ ಬಂದಿಲ್ಲ. ಇದು ನನಗೆ ಬೇಸರದ ಸಂಗತಿ.

ಇಂಥ ಇಳಿಗಾಳಿಗಳು ಒಂದರ ಬೆನ್ನಿಗೊಂದು ಸಾಲಾಗಿ ಬಂದರೆ ಏನಾಗುತ್ತದೆ ಅನ್ನುವುದನ್ನು ಅಮೆರಿಕದ ಅಯೋವಾ ರಾಜ್ಯದ ರೈತರು 2020ರ ಆಗಸ್ಟ್ 10ರಂದು ಕಂಡರು. ಡೆರೆಚೊ ಎನ್ನುವ ಈ ನೇರ ಬಿರುಗಾಳಿ 14 ಗಂಟೆಯಲ್ಲಿ ಸುಮಾರು 1,240 ಕಿಲೋಮೀಟರ್ ಸಾಗಿತು. ಸೀಡರ್ ರ‍್ಯಾಪಿಡ್ಸ್ ಊರಿನಲ್ಲಿ ವೇಗ ಗಂಟೆಗೆ 225 ಕಿಲೋಮೀಟರ್ ಮುಟ್ಟಿತ್ತೆಂದು ಹಾನಿ ನೋಡಿ ಅಂದಾಜಿಸಿದರು. ಕಾಳು ಕಟ್ಟುತ್ತಿದ್ದ ಮೆಕ್ಕೆಜೋಳ ಒಂದೇ ದಿಕ್ಕಿಗೆ ಮಲಗಿತು. ಮಲಗಿದ ಪಟ್ಟಿ ಉಪಗ್ರಹದ ಚಿತ್ರದಲ್ಲೂ ಎದ್ದು ಕಾಣುತ್ತಿತ್ತು. ಧಾನ್ಯ ತುಂಬುವ ತಗಡಿನ ಕಣಜಗಳು ಮುದ್ದೆಯಾದವು. ಸುಂಟರಗಾಳಿಯ ಸುದ್ದಿ ದೇಶವೆಲ್ಲ ಹರಡುವಷ್ಟು ಈ ಗಾಳಿಯ ಸುದ್ದಿ ಮೊದಲ ದಿನಗಳಲ್ಲಿ ಹರಡಲಿಲ್ಲ.

ನಮ್ಮ ಕಡೆ ಮೊದಲ ಪೆಟ್ಟು ಬಾಳೆಗೇ. ಬಾಳೆಯ ದಿಂಡು ಮರವಲ್ಲ, ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಬುಡಗಳು. ಬೇರು ಆಳಕ್ಕಿಲ್ಲ. ತುದಿಯಲ್ಲಿ ಇಪ್ಪತ್ತು ಮೂವತ್ತು ಕೆಜಿಯ ಗೊನೆ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಗೊನೆ ಬಿಟ್ಟ ಗಿಡಕ್ಕೆ ಅದನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು?

ಶೀಟಿನ ಲೆಕ್ಕ ಇನ್ನೂ ಸರಳ. ಗಂಟೆಗೆ 100 ಕಿಲೋಮೀಟರ್ ಗಾಳಿ ಒಂದು ಚದರ ಮೀಟರ್ ಮೇಲೆ ಸುಮಾರು 47 ಕೆಜಿ ಭಾರದಷ್ಟು ಒತ್ತಡ ಹಾಕುತ್ತದೆ. ಅಷ್ಟೇ ಅಗಲದ ತಗಡಿನ ಶೀಟು ತೂಗುವುದು ಐದು ಕೆಜಿ ಆಸುಪಾಸು. ಮೇಲೆ ಹರಿಯುವ ಗಾಳಿ ಎಳೆಯುತ್ತದೆ, ಬಾಗಿಲಿಂದ ಒಳನುಗ್ಗಿದ ಗಾಳಿ ಕೆಳಗಿಂದ ನೂಕುತ್ತದೆ. ಶೀಟಿನ ಮೇಲೆ ಕಲ್ಲು ಹೇರಿದರೆ ಸಾಲದು, ಶೀಟು ಎದ್ದರೆ ಆ ಕಲ್ಲೇ ತಲೆ ಮೇಲೆ ಬೀಳುತ್ತದೆ. ಶೀಟನ್ನು ತೊಲೆಗೆ, ತೊಲೆಯನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿಯಬೇಕು. ಸೂರಿನಂಚು ಮತ್ತು ಮೂಲೆಗಳಲ್ಲಿ ಬೋಲ್ಟ್ ಹತ್ತಿರ ಹತ್ತಿರ ಇರಬೇಕು, ಏಕೆಂದರೆ ಶೀಟು ಏಳಲು ಶುರುವಾಗುವುದೇ ಅಲ್ಲಿಂದ.

ತೋಟದಲ್ಲಿ ಗೊನೆ ವಾಲಿದ ಕಡೆಗೆ ಒಂದು ಕೋಲು ಕೊಟ್ಟು ಸುಮ್ನಾಗುತ್ತೇವೆ. ಅದು ಗೊನೆಯ ಭಾರ ಹೊರುತ್ತದೆ, ಅಷ್ಟೇ. ಬೀಳುವ ಗಾಳಿ ತೋಟದ ಯಾವ ಬದಿಗೆ ಇಳಿಯುತ್ತದೋ ಅದರ ಮೇಲೆ ಗಿಡಕ್ಕೆ ಬಡಿಯುವ ದಿಕ್ಕು ನಿಂತಿದೆ. ಎರಡು ಬಿದಿರನ್ನು ಕತ್ತರಿಯಾಕಾರದಲ್ಲಿ ಕೊಟ್ಟು, ಗಿಡದಿಂದ ಗಿಡಕ್ಕೆ ಹಗ್ಗ ಬಿಗಿದರೆ ಮೇಲು. ತೋಟದ ಸುತ್ತ ಸರ್ವೆ ಅಥವಾ ಸಿಲ್ವರ್ ಓಕ್ ಸಾಲು ಇದ್ದರೆ ಅದರ ಹಿಂದೆ, ಮರದ ಎತ್ತರದ ಹತ್ತರಷ್ಟು ದೂರದವರೆಗೂ ಗಾಳಿಯ ಬಿರುಸು ತಗ್ಗುತ್ತದೆ. ತೀರಾ ಜೋರಾದ ಗಾಳಿಗೆ ಇದ್ಯಾವುದೂ ನಿಲ್ಲಲಾರದು, ನಿಜ. ಆದರೆ ಬರುವ ಗಾಳಿಯೆಲ್ಲ ಅಷ್ಟು ಜೋರಾಗಿರುವುದಿಲ್ಲ.

ತೋಟ ಬಿದ್ದರೆ ಗಿಡ ಕಡಿದು ರಾಶಿ ಹಾಕುವ ಮೊದಲು ಸುತ್ತ ನಡೆದು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ತುದಿಗಳು ಒಂದು ನಡುವಿನಿಂದ ಹೊರಕ್ಕೆ ಬೀಸಣಿಗೆಯಂತೆ ಹರಡಿದ್ದರೆ ಮೈಕ್ರೋಬರ್ಸ್ಟ್. ಎಲ್ಲ ಒಂದೇ ಕಡೆಗಿದ್ದರೆ ನೇರ ಬಿರುಗಾಳಿ, ಇಲ್ಲವೇ ದೊಡ್ಡ ಇಳಿಗಾಳಿಯ ಒಂದು ಬದಿ. ಒಂದರ ಮೇಲೊಂದು ಅಡ್ಡಾದಿಡ್ಡಿ, ಒಂದು ಸಣ್ಣ ಪಟ್ಟಿಯ ಒಳಮುಖಕ್ಕೆ ಬಿದ್ದಿದ್ದರೆ ಸುಂಟರಗಾಳಿ ಇರಬಹುದು. ಪಂಚನಾಮೆಗೆ ಬಂದ ಗ್ರಾಮ ಆಡಳಿತ ಅಧಿಕಾರಿಗೆ ಹಾನಿ ತೋರಿಸಲೂ ಅದೇ ಫೋಟೊ ಬೇಕಾಗುತ್ತದೆ.