ಕಾರ್ಸ್ಟ್ ಅಂದರೆ ಏನು? ಹಾ ಲಾಂಗ್ ಕೊಲ್ಲಿಯಲ್ಲಿ ಒಂದು ರಾತ್ರಿ ಕಳೆಯುವವರಿಗೆ

ವಿಯೆಟ್ನಾಂ ಪ್ರವಾಸ ಅಂದರೆ ಹಾ ಲಾಂಗ್ ಕೊಲ್ಲಿಯ ಕ್ರೂಸ್ ಇದ್ದೇ ಇರುತ್ತದೆ. ಎರಡು ಹಗಲು, ಒಂದು ರಾತ್ರಿ. ಬಿಳಿ ಬಣ್ಣದ ದೋಣಿ, ಸುತ್ತ ಸಮುದ್ರದಿಂದ ನೆಟ್ಟಗೆ ಎದ್ದ ಹಸಿರು ಬೆಟ್ಟಗಳು, ನಡುವೆ ಒಂದೆರಡು ಗುಹೆ. ಟೂರ್ ಕಂಪನಿಯ ಕರಪತ್ರದಲ್ಲೂ ಗೈಡ್ ಮಾತಲ್ಲೂ ಒಂದು ಪದ ಪದೇ ಪದೇ ಬರುತ್ತದೆ: ಕಾರ್ಸ್ಟ್. ಜಾಸ್ತಿ ಜನ ಅದನ್ನು ಆ ಕಲ್ಲಿನ ಹೆಸರು ಅಂದುಕೊಂಡು ಸುಮ್ಮನಾಗುತ್ತಾರೆ. ಕಲ್ಲಿನ ಹೆಸರು ಸುಣ್ಣದ ಕಲ್ಲು. ಆ ಕಲ್ಲನ್ನು ನೀರು ಕರಗಿಸಿದಾಗ ನೆಲಕ್ಕೆ ಬರುವ ರೂಪಕ್ಕೆ ಕಾರ್ಸ್ಟ್ ಎಂದು ಹೆಸರು.

‘ಕರಗಿಸು’ ಅನ್ನುವುದನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ಬೇರೆ ಕಡೆ ನದಿ ಕಲ್ಲನ್ನು ಉಜ್ಜಿ ಸವೆಸುತ್ತದೆ, ಜಲ್ಲಿ ಮಾಡುತ್ತದೆ, ಮರಳು ಮಾಡಿ ಸಾಗಿಸುತ್ತದೆ. ಕಾರ್ಸ್ಟ್ ನೆಲದಲ್ಲಿ ಕಲ್ಲು ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದ ಹಾಗೆ ಹೊರಟುಹೋಗುತ್ತದೆ. ಹಾಗಾಗಿ ಇಂಥ ಕಡೆ ಮೇಲ್ಮೈಯಲ್ಲಿ ಹೊಳೆ, ಹಳ್ಳ ಕಡಿಮೆ. ಬಿದ್ದ ಮಳೆ ಬಿರುಕು ಹುಡುಕಿಕೊಂಡು ಒಳಗಿಳಿಯುತ್ತದೆ. ಬಿರುಕು ಕೊಳವೆಯಾಗುತ್ತದೆ, ಕೊಳವೆ ಗುಹೆಯಾಗುತ್ತದೆ, ಗುಹೆಯ ಚಾವಣಿ ಕುಸಿದರೆ ಮೇಲೆ ದುಂಡನೆಯ ಕುಳಿ ಬೀಳುತ್ತದೆ.

ಪದ ಹುಟ್ಟಿದ್ದು ಯುರೋಪಿನಲ್ಲಿ. ಸ್ಲೊವೇನಿಯಾ ಮತ್ತು ಇಟಲಿಯ ಗಡಿಯಲ್ಲಿ ಕ್ರಾಸ್ ಎಂಬ ಸುಣ್ಣದ ಕಲ್ಲಿನ ಪ್ರಸ್ಥಭೂಮಿ ಇದೆ. ಜರ್ಮನ್ ಭಾಷೆಯಲ್ಲಿ ಅದು ಕಾರ್ಸ್ಟ್ ಆಯಿತು. ಅಲ್ಲಿ ರೇಕಾ ಎಂಬ ನದಿ ಗುಹೆಯೊಳಗೆ ನುಗ್ಗಿ ಕಾಣೆಯಾಗಿ, ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಇಟಲಿಯಲ್ಲಿ ತಿಮಾವೊ ಎಂಬ ಹೆಸರಲ್ಲಿ ಹೊರಗೆ ಬರುತ್ತದೆ. ಸರ್ಬಿಯಾದ ಭೂಗೋಳ ವಿಜ್ಞಾನಿ ಯೊವಾನ್ ಸ್ವಿಯಿಚ್ 1893ರಲ್ಲಿ ಇಂಥ ನೆಲದ ಬಗ್ಗೆ ದೊಡ್ಡ ಅಧ್ಯಯನವನ್ನು ಪ್ರಕಟಿಸಿದ ಮೇಲೆ, ಆ ಊರಿನ ಹೆಸರು ಲೋಕದಲ್ಲಿರುವ ಇಂಥ ಎಲ್ಲ ನೆಲಕ್ಕೂ ಅಂಟಿಕೊಂಡಿತು.

ಕಲ್ಲು ಕರಗುವುದು ಹೇಗೆ? ಬರೀ ನೀರಿಗೆ ಸುಣ್ಣದ ಕಲ್ಲು ಅಷ್ಟಾಗಿ ಬಗ್ಗುವುದಿಲ್ಲ. ಆದರೆ ಮಳೆನೀರು ಗಾಳಿಯಿಂದ ಒಂಚೂರು ಇಂಗಾಲದ ಡೈಆಕ್ಸೈಡ್ ಹಿಡಿದುಕೊಂಡೇ ಬೀಳುತ್ತದೆ. ಮಣ್ಣಿಗಿಳಿದ ಮೇಲೆ ಇನ್ನೂ ಜಾಸ್ತಿ ಸಿಗುತ್ತದೆ, ಯಾಕೆಂದರೆ ಅಲ್ಲಿ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುತ್ತಿರುತ್ತವೆ. ಆಗ ನೀರು ತೀರಾ ದುರ್ಬಲವಾದ ಆಮ್ಲವಾಗುತ್ತದೆ. ಸೋಡಾದಲ್ಲಿ ಇರುವುದೂ ಅದೇ ಆಮ್ಲ. ಅದು ಸುಣ್ಣದ ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟನ್ನು ಬೈಕಾರ್ಬೊನೇಟ್ ಮಾಡಿ ನೀರಿನಲ್ಲಿ ಕರಗಿಸಿಕೊಂಡು ಹೋಗುತ್ತದೆ. ಮಳೆಯೂ ಕಾಡೂ ಜಾಸ್ತಿ ಇರುವ ಉಷ್ಣವಲಯದಲ್ಲಿ ಈ ಕೆಲಸ ಜೋರಾಗಿ ನಡೆಯುತ್ತದೆ. ಅದಕ್ಕೇ ದಕ್ಷಿಣ ಚೀನಾ, ವಿಯೆಟ್ನಾಂ, ಥಾಯ್ಲೆಂಡ್ ಕಡೆ ಕಾರ್ಸ್ಟ್ ಇಷ್ಟು ನಾಟಕೀಯವಾಗಿ ಕಾಣುವುದು.

ಇದಕ್ಕೆ ಉಲ್ಟಾ ಕ್ರಿಯೆಯೂ ಇದೆ. ಅದೇ ನೀರು ಗುಹೆಯ ಚಾವಣಿಯಿಂದ ತೊಟ್ಟಿಕ್ಕುವಾಗ, ಹಿಡಿದಿಟ್ಟುಕೊಂಡ ಅನಿಲ ಗುಹೆಯ ಗಾಳಿಗೆ ಹಾರಿಹೋಗುತ್ತದೆ. ಅನಿಲ ಹೋದ ಮೇಲೆ ಸುಣ್ಣವನ್ನು ಹೊರುವ ಶಕ್ತಿ ನೀರಿಗಿಲ್ಲ. ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತದೆ. ಮೇಲಿಂದ ಒಂದು ಕಂಬ ಇಳಿಯುತ್ತದೆ, ಹನಿ ಬಿದ್ದ ಜಾಗದಿಂದ ಇನ್ನೊಂದು ಏಳುತ್ತದೆ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಗೀಸರ್ ಕಾಯಿಲ್ ಮೇಲೆ ಬೆಳ್ಳಗೆ ಹೊಪ್ಪಳೆ ಕಟ್ಟುತ್ತದಲ್ಲ, ಅದೂ ಇದೇ ಕ್ರಿಯೆ. ಅಲ್ಲಿ ಬಿಸಿ ಆ ಅನಿಲವನ್ನು ಓಡಿಸುತ್ತದೆ, ಅಷ್ಟೇ. ಗುಹೆಯಲ್ಲಿ ಅವಸರವಿಲ್ಲ. ತೂಗುವ ಕಂಬ ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಬೆಳೆಯುತ್ತದೆ.

ಈಗ ಹಾ ಲಾಂಗ್‌ಗೆ ಬರೋಣ. ಹನೋಯ್‌ನಿಂದ ಹೆದ್ದಾರಿಯಲ್ಲಿ ಎರಡೂವರೆ ಗಂಟೆ ಹಾದಿ, ಕ್ವಾಂಗ್ ನಿನ್ ಪ್ರಾಂತ್ಯ. ಯುನೆಸ್ಕೊದ ಹಳೆಯ ಲೆಕ್ಕದಲ್ಲಿ ಇಲ್ಲಿ ಸುಮಾರು 1,600 ದ್ವೀಪಗಳಿವೆ, ಬಹುಪಾಲು ಯಾರೂ ವಾಸ ಮಾಡದವು. 1994ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಅಂದಕ್ಕಾಗಿ. 2000ದಲ್ಲಿ ಮತ್ತೊಮ್ಮೆ ಮಾನ್ಯತೆ ಕೊಟ್ಟಿದ್ದು ಭೂವಿಜ್ಞಾನದ ಮಹತ್ವಕ್ಕಾಗಿ, ಅಂದರೆ ಈ ಕಾರ್ಸ್ಟ್‌ಗಾಗಿಯೇ. 2023ರಲ್ಲಿ ಪಕ್ಕದ ಕಾತ್ ಬಾ ದ್ವೀಪಸಮೂಹವನ್ನೂ ಸೇರಿಸಿದರು. ದಾಳಿಕಾರರನ್ನು ತಡೆಯಲು ಡ್ರ್ಯಾಗನ್‌ಗಳು ಆಕಾಶದಿಂದ ಇಳಿದು, ಬಾಯಿಂದ ಉಗುಳಿದ ರತ್ನಗಳೇ ದ್ವೀಪಗಳಾದವು ಎಂಬ ಕಥೆಯನ್ನು ಗೈಡ್ ಹೇಗಿದ್ದರೂ ಹೇಳುತ್ತಾರೆ. ಕಲ್ಲಿನ ಕಥೆ ಕಡಿಮೆ ಹೇಳುತ್ತಾರೆ.

ಆ ಕಲ್ಲು ಸುಮಾರು 34 ಕೋಟಿಯಿಂದ 25 ಕೋಟಿ ವರ್ಷಗಳ ಹಿಂದೆ ಬೆಚ್ಚನೆಯ ಕಡಲ ತಳದಲ್ಲಿ ಪದರ ಪದರವಾಗಿ ಕೂತದ್ದು. ಕೆಲವೆಡೆ ಅದರ ದಪ್ಪ ಸಾವಿರ ಮೀಟರ್ ದಾಟುತ್ತದೆ. ನೆಲ ಮೇಲೆದ್ದ ಮೇಲೆ ಮಳೆ ತನ್ನ ಕೆಲಸ ಶುರುಮಾಡಿತು. ಮೊದಲು ಕುಳಿಗಳು, ಕುಳಿಗಳ ನಡುವೆ ಉಳಿದ ಮೊನಚು ಬೆಟ್ಟಗಳ ಗುಂಪು. ಬೆಟ್ಟಗಳ ಬುಡ ಇನ್ನೂ ಕೂಡಿಕೊಂಡಿದ್ದರೆ ವಿಜ್ಞಾನಿಗಳು ಅದನ್ನು ಚೀನೀ ಪದ ಬಳಸಿ ಫೆಂಗ್‌ತ್ಸುಂಗ್ ಅನ್ನುತ್ತಾರೆ. ಕರಗುವುದು ಮುಂದುವರಿದು, ಸಮತಟ್ಟು ಬಯಲಿನ ಮೇಲೆ ಒಂಟಿ ಗೋಪುರಗಳಷ್ಟೇ ಉಳಿದರೆ ಫೆಂಗ್‌ಲಿನ್. ಹಾ ಲಾಂಗ್‌ನಲ್ಲಿ ಎರಡೂ ಇವೆ. ಬೆಟ್ಟಗಳ ಎತ್ತರ ಸಾಮಾನ್ಯವಾಗಿ 50ರಿಂದ 200 ಮೀಟರ್.

ನನಗೆ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಇದರ ಮುಂದಿನ ಭಾಗ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಜೋರಾಗಿದ್ದಾಗ, ಲೋಕದ ಸಮುದ್ರಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಆಗ ಇಲ್ಲಿ ಕಡಲೇ ಇರಲಿಲ್ಲ. ಇವೆಲ್ಲ ಬಯಲಿನ ನಡುವೆ ನಿಂತ ಬೆಟ್ಟಗಳು. ಹಿಮ ಕರಗಿ ನೀರು ಏರಿ ಬಂತು, ಬಯಲು ಮುಳುಗಿತು, ಬೆಟ್ಟಗಳು ದ್ವೀಪಗಳಾದವು. ಅಂದರೆ ನಿಮ್ಮ ದೋಣಿ ಲಂಗರು ಹಾಕಿ ನಿಲ್ಲುವುದು ಹಳೆಯ ಕಣಿವೆಯೊಂದರ ಮೇಲೆ. ಹೆಚ್ಚಿನ ಕಡೆ ನೀರಿನ ಆಳ 20 ಮೀಟರೂ ಇಲ್ಲ. ಇಂಥ ನೆಲಕ್ಕೆ ‘ಮುಳುಗಿದ ಕಾರ್ಸ್ಟ್’ ಅನ್ನುತ್ತಾರೆ. ಹಾ ಲಾಂಗ್ ಮುಳುಗದೆ ಇದ್ದಿದ್ದರೆ ಹೇಗಿರುತ್ತಿತ್ತು ಎಂದು ನೋಡಬೇಕೆಂದರೆ ಹನೋಯ್‌ನ ದಕ್ಷಿಣದ ನಿನ್ ಬಿನ್‌ಗೆ ಹೋಗಬೇಕು. ಅಲ್ಲಿ ಇವೇ ಗೋಪುರಗಳ ಬುಡದಲ್ಲಿ ಭತ್ತದ ಗದ್ದೆಗಳಿವೆ.

ಕ್ರೂಸ್ ಅಂದಾಗ ರಾತ್ರಿಯಿಡೀ ಹಡಗು ಸಾಗುತ್ತದೆ ಅಂದುಕೊಳ್ಳಬೇಡಿ. ಮಧ್ಯಾಹ್ನ ಹೊರಡುತ್ತದೆ, ಊಟ, ಒಂದು ಗುಹೆ, ಒಂದಿಷ್ಟು ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಸವಾರಿ. ಸಂಜೆ ಗೊತ್ತುಮಾಡಿದ ಜಾಗದಲ್ಲಿ ಲಂಗರು. ಆಮೇಲೆ ಡೆಕ್ ಮೇಲೆ ದೀಪ ಹಿಡಿದು ಸ್ಕ್ವಿಡ್‌ಗೆ ಗಾಳ ಹಾಕುವ ಆಟ. ಬೆಳಿಗ್ಗೆ ತಾಯ್ ಚಿ, ಇನ್ನೊಂದು ಜಾಗ, ಮಧ್ಯಾಹ್ನದೊಳಗೆ ವಾಪಸ್. (ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ‘ಚಾಯ್’, ಅಂದರೆ ಸಸ್ಯಾಹಾರದ, ಊಟ ಬೇಕು ಎಂದು ಹೇಳಿ, ಮೀನಿನ ಸಾಸ್ ಬೇಡ ಎಂದೂ ಸೇರಿಸಿ. ತರಕಾರಿ ಪಲ್ಯಕ್ಕೂ ಅದನ್ನು ಹಾಕುವುದುಂಟು.)

ಹಾಗಾದರೆ ರಾತ್ರಿ ಉಳಿದು ಏನು ಲಾಭ? ಕಾರ್ಸ್ಟ್ ನೋಡುವವರಿಗೆ ಲಾಭ ಇದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಹಾ ಲಾಂಗ್‌ನಲ್ಲಿ ಹೆಚ್ಚಿನ ದಿನ ಒಂದೇ ಭರತ, ಒಂದೇ ಇಳಿತ. ಕೆಲವು ದಿನ ಎರಡರ ನಡುವಿನ ವ್ಯತ್ಯಾಸ ನಾಲ್ಕು ಮೀಟರಿನ ಹತ್ತಿರ ಹೋಗುತ್ತದೆ. ನಾಲ್ಕು ಗಂಟೆಯ ಹಗಲು ಸವಾರಿಯಲ್ಲಿ ನೀರಿನ ಒಂದೇ ಮಟ್ಟ ಕಾಣುತ್ತದೆ. ರಾತ್ರಿ ಉಳಿದವರಿಗೆ ಎರಡೂ ಕಾಣುತ್ತವೆ.

ನೀರು ಇಳಿದಾಗ ಯಾವುದಾದರೂ ದ್ವೀಪದ ಬುಡವನ್ನು ಹತ್ತಿರದಿಂದ ನೋಡಿ. ಮೇಲೆ ಬೂದು ಕಲ್ಲು, ಗೀರುಗಳಿಗೆ ಬೇರಿಳಿಸಿ ನಿಂತ ಗಿಡಗಳು. ನೀರಿನ ಗೆರೆಯ ಹತ್ತಿರ ಬಂದಂತೆ ಕಲ್ಲು ಇದ್ದಕ್ಕಿದ್ದಂತೆ ಒಳಕ್ಕೆ ಸರಿಯುತ್ತದೆ. ಬುಡದ ಸುತ್ತಲೂ ಉದ್ದಕ್ಕೆ ಕೊರೆದ ಹಾಗೆ ಒಂದು ಕಚ್ಚು. ಅದರ ಚಾವಣಿ ನಯ, ಕೆಳತುಟಿಯ ಮೇಲೆ ಸಿಂಪಿಗಳು ಒತ್ತೊತ್ತಾಗಿ ಅಂಟಿಕೊಂಡು ಕೈ ಇಟ್ಟರೆ ಕುಯ್ಯುವಷ್ಟು ಚೂಪು. ಕಯಾಕ್‌ನಲ್ಲಿ ಹೋದರೆ ಕಚ್ಚಿನ ಕೆಳಗೇ ತೂರಿಕೊಳ್ಳಬಹುದು. ಸಮುದ್ರ ಬುಡವನ್ನು ಕರಗಿಸುತ್ತ, ತಿನ್ನುತ್ತ ಬಂದ ಗುರುತು ಇದು. ಜೀವಿಗಳೂ ಕಲ್ಲು ಕೊರೆದು ಕೈಜೋಡಿಸುತ್ತವೆ. ಕಚ್ಚು ಆಳವಾದಷ್ಟೂ ಮೇಲಿನ ಬೆಟ್ಟ ಕಾಲು ಸಣ್ಣದಾದ ಅಣಬೆಯ ಹಾಗೆ ನಿಲ್ಲುತ್ತದೆ. ಒಂದು ದಿನ ಮುರಿದು ಬೀಳುತ್ತದೆ. ಪಕ್ಕದ ಬಾಯ್ ತು ಲಾಂಗ್ ಕೊಲ್ಲಿಯಲ್ಲಿ ಹಂಸದ ಆಕಾರದ ಒಂದು ಬಂಡೆ ಇತ್ತು. 2016ರಲ್ಲಿ ಅದರ ಕತ್ತು ಕುಸಿದು ಸಮುದ್ರ ಸೇರಿತು.

ಕಚ್ಚು ಒಳಕ್ಕೆ ಹೋಗುತ್ತಲೇ ಇದ್ದರೆ ಬೆಟ್ಟದ ಆಚೆಗೂ ತೂತು ಬೀಳುತ್ತದೆ. ಬೋ ಹೋನ್ ದ್ವೀಪದ ಹಾಂಗ್ ಲೂಅನ್ ಅಂಥ ಸುರಂಗ. ಬಿದಿರಿನ ದೋಣಿಯಲ್ಲೋ ಕಯಾಕ್‌ನಲ್ಲೋ ಅದರೊಳಗೆ ಹೋದರೆ, ಆಚೆ ಸುತ್ತಲೂ ಗೋಡೆಯಂಥ ಬೆಟ್ಟವಿರುವ ದುಂಡನೆಯ ಕೊಳ ಸಿಗುತ್ತದೆ. ಅದು ಒಂದು ಕಾಲದ ಕುಳಿ, ಈಗ ಸಮುದ್ರದ ನೀರು ತುಂಬಿಕೊಂಡಿದೆ. ಭರತ ಇದ್ದಾಗ ಸುರಂಗದ ಸೂರು ತಲೆಯ ಹತ್ತಿರ ಬರುತ್ತದೆ, ಇಳಿತದಲ್ಲಿ ಆರಾಮಾಗಿ ಹೋಗಬಹುದು.

ಅದೇ ದ್ವೀಪದಲ್ಲಿ ಸೂಂಗ್ ಸೋತ್ ಗುಹೆ ಇದೆ. ಹೆಚ್ಚಿನ ಕ್ರೂಸ್‌ಗಳು ಇಲ್ಲಿಗೇ ಕರೆದುಕೊಂಡು ಹೋಗುತ್ತವೆ. ಇದು ಬೇರೆ ಜಾತಿಯ ಗುಹೆ. ಸಮುದ್ರದಿಂದ ಸುಮಾರು 25 ಮೀಟರ್ ಮೇಲಿದೆ, ಮೆಟ್ಟಿಲು ಹತ್ತಿ ಹೋಗಬೇಕು. ಸಮುದ್ರ ಅಲ್ಲಿಗೆ ಹೋಗಿ ಕೊರೆದಿಲ್ಲ. ಇವತ್ತಿನ ಕಡಲು ಬರುವುದಕ್ಕಿಂತ ಬಹಳ ಹಿಂದೆ, ಈ ಬೆಟ್ಟ ಇನ್ನೂ ದೊಡ್ಡ ಗುಡ್ಡಸಾಲಿನ ಭಾಗವಾಗಿದ್ದಾಗ, ಅಂತರ್ಜಲ ತುಂಬಿ ಹರಿದ ಕೊಳವೆ ಅದು. ಚಾವಣಿ ನೋಡಿ. ನಯವಾದ ಬಟ್ಟಲಿನಾಕಾರದ ಗುಳಿಗಳು ತುಂಬಿವೆ. ಗುಹೆ ಪೂರ್ತಿ ನೀರಿನಿಂದ ತುಂಬಿದ್ದಾಗ ಚಾವಣಿಯೂ ಹಾಗೆ ಕರಗುತ್ತದೆ. ಕಂಬಗಳು ಬಂದದ್ದು ಆಮೇಲೆ, ನೀರು ಖಾಲಿಯಾಗಿ ಗಾಳಿ ಒಳಗೆ ಬಂದ ಮೇಲೆ. ಜನ ಫೋಟೊ ತೆಗೆಯುವುದೆಲ್ಲ ಕಂಬಗಳದ್ದು. ಗುಹೆ ಹುಟ್ಟಿದ ಕಥೆ ಚಾವಣಿಯಲ್ಲಿದೆ, ಅಲ್ಲಿ ಯಾರೂ ಕತ್ತೆತ್ತುವುದಿಲ್ಲ. ಬಣ್ಣಬಣ್ಣದ ದೀಪಗಳನ್ನು ಯಾರು ಹಾಕಿಸಿದರೋ, ನನಗಂತೂ ಇಷ್ಟವಾಗುವುದಿಲ್ಲ. ಗುಹೆಗೆ ಬೆಳಕು ಬಂದಲ್ಲೆಲ್ಲ ಪಾಚಿಯೂ ಬರುತ್ತದೆ. ಕಂಬ ಮುಟ್ಟಬೇಡಿ ಅನ್ನುವುದಕ್ಕೂ ಕಾರಣ ಇದೆ: ಕೈಯ ಜಿಡ್ಡು ಕೂತ ಕಡೆ ಸುಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಹತ್ತಿರದ ತಿ ತೋಪ್ ದ್ವೀಪಕ್ಕೆ ಸೋವಿಯತ್ ಗಗನಯಾತ್ರಿ ಗೆರ್ಮನ್ ತಿತೋವ್ ಹೆಸರು. ಅವರು 1962ರಲ್ಲಿ ಹೋ ಚಿ ಮಿನ್ ಜೊತೆ ಇಲ್ಲಿಗೆ ಬಂದಿದ್ದರು. ಹತ್ತುವುದು ಸುಸ್ತು, ಆದರೆ ತುದಿಯಿಂದ ನೋಡಿದರೆ ಎಲ್ಲಿ ಬೆಟ್ಟಗಳ ಗುಂಪು, ಎಲ್ಲಿ ಒಂಟಿ ಗೋಪುರ ಎಂದು ಬೇರೆ ಬೇರೆಯಾಗಿ ಗುರುತು ಹಿಡಿಯಬಹುದು.

ಕಡಲಲ್ಲಿ ನಿಂತ ಚೆಂದದ ಬಂಡೆಯೆಲ್ಲ ಕಾರ್ಸ್ಟ್ ಅಲ್ಲ. ಮಲ್ಪೆಯ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಂಬಗಳು ಲಾವಾ ತಣ್ಣಗಾಗಿ ಬಿರುಕು ಬಿಟ್ಟು ಆದದ್ದು. ಬಾದಾಮಿಯದು ಮರಳುಗಲ್ಲು, ಗುಹೆ ಕೊರೆದದ್ದು ಮನುಷ್ಯರು. ನಮ್ಮಲ್ಲಿ ಸುಣ್ಣದ ಕಲ್ಲಿಗೆ ಕೊರತೆ ಇಲ್ಲ. ಕಲಬುರಗಿ ಕಡೆ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಸೇಡಂ, ಮಳಖೇಡದಲ್ಲಿ ಸಿಮೆಂಟ್ ಫ್ಯಾಕ್ಟರಿಗಳು ಬಂದದ್ದೂ ಅದರಿಂದಲೇ. ಆ ನೆಲದ ಮೇಲೆ ನಿಂಬೆರಸ ಬಿದ್ದು ಒರೆಸದೆ ಬಿಟ್ಟರೆ ಹೊಳಪು ಹೋಗಿ ಕಲೆ ಉಳಿಯುತ್ತದೆ. ಆಮ್ಲ ಕಲ್ಲನ್ನು ಒಂದಿಷ್ಟು ಕರಗಿಸಿರುತ್ತದೆ. ಉತ್ತರ ಕನ್ನಡದ ಯಾಣದಲ್ಲಿ ಕಾಡಿನ ನಡುವೆ ನಿಂತ ಭೈರವೇಶ್ವರ, ಮೋಹಿನಿ ಶಿಖರಗಳು ಕಪ್ಪು ಸುಣ್ಣದ ಕಲ್ಲಿನವು. ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ, ಹಾ ಲಾಂಗ್‌ನ ಗೋಪುರಗಳ ಸಾಲಿಗೆ ಸೇರುವಷ್ಟು. ದಾಂಡೇಲಿ ಹತ್ತಿರದ ಕವಳಾ ಗುಹೆಯಲ್ಲಿ ಜನ ಲಿಂಗವೆಂದು ಪೂಜಿಸುವುದು ಹನಿ ನೀರು ಕಟ್ಟಿದ ಸುಣ್ಣದ ಕಂಬವನ್ನು. ಉದ್ದದ ಗುಹೆ ಬೇಕೆಂದರೆ ಆಂಧ್ರದ ಬೇಲಂಗೆ ಹೋಗಬಹುದು, 3,229 ಮೀಟರ್ ಅಳೆದಿದ್ದಾರೆ.

ಕಾರ್ಸ್ಟ್‌ಗೆ ಒಂದು ತೊಂದರೆ ಇದೆ. ಮಣ್ಣು ನೀರನ್ನು ಸೋಸುತ್ತದೆ, ಕೊಳವೆ ಸೋಸುವುದಿಲ್ಲ. ಮೇಲೆ ಬಿದ್ದ ಕೊಳೆ ಸೀದಾ ಒಳಗೆ ಹೋಗಿ ಇನ್ನೆಲ್ಲೋ ಹೊರಬರುತ್ತದೆ. ಹಾ ಲಾಂಗ್‌ನಲ್ಲಿ ದೋಣಿಗಳ ಕೊಳೆನೀರು, ಪ್ಲಾಸ್ಟಿಕ್ ಕಾಟ ಹಳೆಯದು. 2014ರಲ್ಲಿ ಕೂವಾ ವಾನ್‌ನಂಥ ತೇಲುವ ಹಳ್ಳಿಗಳ ಬೆಸ್ತರನ್ನು ದಡಕ್ಕೆ ಸ್ಥಳಾಂತರ ಮಾಡಿದರು. 2019ರಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ ಅಲ್ಲಿ ನಿಷೇಧ ಬಂತು. ಹಳ್ಳಿ ಹೋಯಿತು, ಪ್ರವಾಸಿ ದೋಣಿಗಳು ಮಾತ್ರ ಕಡಿಮೆಯಾಗಲಿಲ್ಲ ಅನ್ನುವುದು ನನ್ನ ತಕರಾರು.

ಹೋಗುವುದಾದರೆ ಅಕ್ಟೋಬರ್, ನವೆಂಬರ್ ಒಳ್ಳೆಯದು. ಫೆಬ್ರವರಿ, ಮಾರ್ಚ್‌ನಲ್ಲಿ ಮಂಜು, ಜಿಟಿಜಿಟಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಂಡಮಾರುತದ ಭಯ. 2011ರ ಫೆಬ್ರವರಿಯಲ್ಲಿ ರಾತ್ರಿ ಲಂಗರು ಹಾಕಿದ್ದ ದೋಣಿ ಮುಳುಗಿ 12 ಜನ ಸತ್ತಿದ್ದರು. 2025ರ ಜುಲೈಯಲ್ಲಿ ಹಠಾತ್ ಬಿರುಗಾಳಿಗೆ ಪ್ರವಾಸಿ ದೋಣಿ ಮಗುಚಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಬಂದರಿನವರು ದೋಣಿ ಬಿಡುವುದಿಲ್ಲ ಅಂದರೆ ಜಗಳ ಆಡಬೇಡಿ. ಗದ್ದಲ ಬೇಡ ಅನ್ನುವವರು ಕಾತ್ ಬಾ ಪಕ್ಕದ ಲಾನ್ ಹಾ ಕೊಲ್ಲಿಯ ದಾರಿ ಆರಿಸಿಕೊಳ್ಳಬಹುದು. ಕಲ್ಲು ಅದೇ, ಕಚ್ಚುಗಳೂ ಅವೇ. ಕಾತ್ ಬಾ ಲಂಗೂರ್ ಎಂಬ ಕೋತಿ ಲೋಕದಲ್ಲಿ ಅಲ್ಲಿ ಮಾತ್ರ ಉಳಿದಿದೆ, ನೂರಕ್ಕೂ ಕಡಿಮೆ. ಅವು ರಾತ್ರಿ ಮಲಗಲು ಸುಣ್ಣದ ಕಲ್ಲಿನ ಗುಹೆಗಳನ್ನೂ ಬಳಸುತ್ತವೆ.